ಬಾಡಿಗೆ ಸಿನಿಮಾ, ಸ್ವಂತ ಸಿನಿಮಾ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರ ಮಾರ್ಚ್ 3ರಂದು. ಇಂದು ಅದನ್ನು ಎಷ್ಟು ದುಡ್ಡು ಕೊಟ್ಟರೂ ನೋಡಲು ಸಾಧ್ಯವಿಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ನಮ್ಮ ಮನೆಮಾತಿನ ಕಡೆ ನೋಡಿದರೂ ಅದೇ ಕಥೆ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬೈಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಹಿಂದೂಸ್ತಾನಿಯಲ್ಲಿ ಮಾತಾಡಿದ ಆ ಚಿತ್ರವೂ ಈಗ ಎಲ್ಲೂ ಇಲ್ಲ. ಉಳಿದಿರುವುದು ಕೆಲವು ಫೋಟೊಗಳು, ಜಾಹೀರಾತುಗಳು ಮಾತ್ರ.

ಹೆಸರು ಮಾಡಿದ ಸಿನಿಮಾ ತಾನಾಗಿಯೇ ಉಳಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಇವೆರಡೂ ಹೆಸರು ಮಾಡಿದ ಚಿತ್ರಗಳೇ, ಆದರೂ ಉಳಿಯಲಿಲ್ಲ. ಯಾರಾದರೂ ಜೋಪಾನವಾಗಿ ಇಟ್ಟುಕೊಂಡರೆ ಮಾತ್ರ ಸಿನಿಮಾ ಉಳಿಯುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಅಷ್ಟೇ. ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ ಎನ್ನುವ ಈ ಕಾಲದಲ್ಲಿ ಒಳ್ಳೆಯ ಹಳೆಯ ಸಿನಿಮಾಗಳನ್ನು ಡಿಸ್ಕ್‌ನಲ್ಲಿ ಕೂಡಿಡುವುದು ಹುಚ್ಚಲ್ಲ, ಲೆಕ್ಕ ಹಾಕಿ ಮಾಡಬೇಕಾದ ಕೆಲಸ. ಆ ಕೆಲಸವನ್ನು ನಮ್ಮ ಕಾಲೇಜಿನ ಗ್ರಂಥಾಲಯವೂ ಮಾಡಬೇಕು.

ನಾನು ವಾಣಿಜ್ಯ ವಿಭಾಗದಲ್ಲಿ ಓದುತ್ತಿರುವುದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಬಂಡವಾಳ ವೆಚ್ಚ, ರಾಜಸ್ವ ವೆಚ್ಚ ಎಂದು ಅಕೌಂಟೆನ್ಸಿಯಲ್ಲಿ ಎರಡು ಬಗೆ ಓದಿದ್ದೇವೆ. ಅಂಗಡಿಗೆ ಒಂದು ಬೀರು ಕೊಂಡರೆ ಅದು ಬಂಡವಾಳ ವೆಚ್ಚ. ವರ್ಷದ ಕೊನೆಗೆ ಸವಕಳಿ ಕಳೆದು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯಾಗಿ ಕೂತಿರುತ್ತದೆ. ಅಂಗಡಿಯ ಬಾಡಿಗೆ ರಾಜಸ್ವ ವೆಚ್ಚ. ಆ ತಿಂಗಳಿಗೆ ಕಟ್ಟಿದ್ದು ಆ ತಿಂಗಳಿಗೇ ಮುಗಿಯಿತು. ಒಟಿಟಿ ಚಂದಾ ಎರಡನೆಯ ಗುಂಪಿಗೆ ಸೇರುತ್ತದೆ. ತಿಂಗಳಿಗೆ 149 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,788 ರೂಪಾಯಿ, ಐದು ವರ್ಷಕ್ಕೆ 8,940 ರೂಪಾಯಿ. ಅಷ್ಟು ಕಟ್ಟಿದ ಮೇಲೆ ಚಂದಾ ನಿಲ್ಲಿಸಿದರೆ ನಮ್ಮ ಕೈಯಲ್ಲಿ ಒಂದು ಹಾಡೂ ಉಳಿಯುವುದಿಲ್ಲ.

ಬಾಡಿಗೆ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಗೋವಿಂದರಾಜನಗರದ ಎಷ್ಟೋ ಮನೆಗಳಂತೆ ನಮ್ಮದೂ ಬಾಡಿಗೆ ಮನೆಯೇ. ಆದರೆ ಬಾಡಿಗೆಗೆ ಇರುವವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಓನರ್ ಖಾಲಿ ಮಾಡಿ ಅಂದ ದಿನ ನಾವೇ ಗೋಡೆಗೆ ಹೊಡೆದ ಮೊಳೆಯೂ ನಮ್ಮದಲ್ಲ.

ಇದು ಬರೀ ಊಹೆಯಲ್ಲ. 2023ರ ಮಾರ್ಚ್ 31ರ ನಂತರ ಎಚ್‌ಬಿಒ ಕಾರ್ಯಕ್ರಮಗಳೆಲ್ಲ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಿಂದ ಹೊರಟುಹೋದವು. ವರ್ಷದ ಚಂದಾ ಕಟ್ಟಿದ್ದವರು ಸೀರೀಸನ್ನು ಅರ್ಧಕ್ಕೇ ಬಿಡಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಡಿಸ್ನಿ ಕಂಪನಿ ತಾನೇ ತಯಾರಿಸಿದ ‘ವಿಲೋ’ ಸರಣಿಯನ್ನು ತನ್ನ ವೇದಿಕೆಯಿಂದಲೇ ತೆಗೆದುಹಾಕಿತು. ಆ ಸರಣಿ ಶುರುವಾಗಿ ಆರು ತಿಂಗಳಾಗಿತ್ತಷ್ಟೇ. ಇದರಲ್ಲಿ ಮೋಸವೇನೂ ಇಲ್ಲ. ವೇದಿಕೆಗಳಿಗೂ ಹಕ್ಕು ಸಿಗುವುದು ಒಪ್ಪಂದದ ಅವಧಿಗೆ ಮಾತ್ರ. ಅವಧಿ ಮುಗಿದರೆ, ಅಥವಾ ಇಟ್ಟುಕೊಳ್ಳುವುದರಿಂದ ಲಾಭವಿಲ್ಲ ಎನಿಸಿದರೆ, ತೆಗೆಯುತ್ತಾರೆ. ಅಂಗಡಿಯವರು ಓಡದ ಸರಕನ್ನು ಶೆಲ್ಫಿನಿಂದ ಇಳಿಸುವ ಹಾಗೆ.

ಹಾಗೆ ಇಳಿಸುವಾಗ ಮೊದಲು ಇಳಿಯುವುದು ಯಾವುದು? ಕಡಿಮೆ ಜನ ಕೇಳುವ ಭಾಷೆಯ, ಕಡಿಮೆ ಜನ ನೋಡುವ ಸಿನಿಮಾ. ರಕ್ಷಿತ್ ಶೆಟ್ಟಿ ಅವರಂಥ ಹೆಸರಿರುವ ನಿರ್ಮಾಪಕರ ‘ಏಕಂ’ ಸರಣಿಯನ್ನೇ ಯಾವ ದೊಡ್ಡ ವೇದಿಕೆಯೂ ತೆಗೆದುಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಅವರು ತಮ್ಮದೇ ವೇದಿಕೆ ಮಾಡಿಕೊಂಡು ಬಿಡುಗಡೆ ಮಾಡಿದರು. ಹೊಸ ಕನ್ನಡ ಸರಣಿಯ ಪಾಡೇ ಹೀಗಾದರೆ ಐವತ್ತು ವರ್ಷ ಹಳೆಯ ಕಪ್ಪು-ಬಿಳುಪು ಚಿತ್ರವನ್ನು ಕೇಳುವವರು ಯಾರು? ‘ಕಸ್ತೂರಿ ನಿವಾಸ’ 2014ರಲ್ಲಿ, ‘ನಾಗರಹಾವು’ 2018ರಲ್ಲಿ ಹೊಸ ರೂಪದಲ್ಲಿ ಮತ್ತೆ ತೆರೆಗೆ ಬಂದವು, ನಿಜ. ಅಂಥ ಅದೃಷ್ಟ ದೊಡ್ಡ ತಾರೆಯರ ದೊಡ್ಡ ಚಿತ್ರಗಳಿಗೆ ಮಾತ್ರ.

ಡಿಸ್ಕ್‌ಗಳ ಕಥೆಯೂ ವ್ಯಾಪಾರದ ಕಥೆಯೇ. ಸುಮಾರು ಹದಿನೆಂಟು ವರ್ಷಗಳ ಹಿಂದೆ ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿತು. ನಕಲಿ ಡಿಸ್ಕ್‌ನ ಬೆಲೆಗೇ ಅಸಲಿ ಸಿಕ್ಕಾಗ ಜನ ಕೊಂಡರು. ಆಮೇಲೆ ಇಂಟರ್ನೆಟ್ ಅಗ್ಗವಾಯಿತು, ಡಿಸ್ಕ್ ವ್ಯಾಪಾರ ಕುಸಿಯಿತು, ಆ ಕಂಪನಿಯೂ ಮುಚ್ಚಿತು. ಅಮೆರಿಕದಲ್ಲಿ ಅಂಚೆಯ ಮೂಲಕ ಡಿವಿಡಿ ಬಾಡಿಗೆಗೆ ಕೊಡುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ ಕೂಡ 2023ರ ಸೆಪ್ಟೆಂಬರ್ 29ರಂದು ಆ ಸೇವೆಯನ್ನು ನಿಲ್ಲಿಸಿತು.

ಹೀಗೆ ಎಲ್ಲರೂ ಬಿಟ್ಟ ಡಿಸ್ಕ್‌ಗಳು ಈಗ ಗುಜರಿ ಅಂಗಡಿಗಳಲ್ಲಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ರಾಶಿ ಬಿದ್ದಿರುತ್ತವೆ. ನನ್ನ ಹತ್ತಿರ ಈಗ 41 ಇವೆ. ಮಾಮು ಕೊಟ್ಟ ಒಂದು ಪೆಟ್ಟಿಗೆಯಿಂದ ಶುರುವಾದದ್ದು. ಹೆಚ್ಚಿನವನ್ನು 20 ರಿಂದ 40 ರೂಪಾಯಿಗೆ ಕೊಂಡಿದ್ದೇನೆ, ಹಳೆಯ ಪ್ಲೇಯರ್‌ಗೆ 600 ರೂಪಾಯಿ ಆಯಿತು. ನಕಲಿ ಡಿಸ್ಕ್ ಮಾತ್ರ ಮುಟ್ಟುವುದಿಲ್ಲ. ಇನ್ನೊಬ್ಬರ ದುಡಿಮೆಯ ಹಕ್ಕನ್ನು ಕದ್ದು ಸಿನಿಮಾ ಉಳಿಸುತ್ತೇನೆ ಅನ್ನುವುದು ಸರಿಯಲ್ಲ.

ಡಿಸ್ಕ್‌ನ ಇನ್ನೊಂದು ಗುಣವೆಂದರೆ, ಒಮ್ಮೆ ಅಚ್ಚಾದ ಮೇಲೆ ಅದನ್ನು ಯಾರೂ ಬದಲಿಸಲಾರರು. 1960ರ ‘ಮುಘಲ್-ಎ-ಆಝಮ್’ ಬಹುಪಾಲು ಕಪ್ಪು-ಬಿಳುಪಿನ ಚಿತ್ರ. ಶೀಶ್ ಮಹಲಿನ ಹಾಡು ಬಂದಾಗ ತೆರೆಯ ಮೇಲೆ ಇದ್ದಕ್ಕಿದ್ದಂತೆ ಬಣ್ಣ ಬರುತ್ತದೆ, ಆಗ ಮೈ ಜುಮ್ಮೆನ್ನುತ್ತದೆ. 2004ರಲ್ಲಿ ಇಡೀ ಚಿತ್ರಕ್ಕೆ ಬಣ್ಣ ಹಾಕಿದರು. ಅದೂ ಚೆನ್ನಾಗಿದೆ. ಆದರೆ ಮೊದಲಿನಿಂದಲೂ ಬಣ್ಣವಿದ್ದರೆ ಶೀಶ್ ಮಹಲಿಗೆ ಆ ಜುಮ್ಮೆನ್ನಿಸುವ ಶಕ್ತಿ ಎಲ್ಲಿಂದ ಬರಬೇಕು? 1971ರ ‘ಕಸ್ತೂರಿ ನಿವಾಸ’ವನ್ನೂ ನಿರ್ದೇಶಕರಾದ ದೊರೈ-ಭಗವಾನ್ ಕಪ್ಪು-ಬಿಳುಪಿನಲ್ಲೇ ತೆಗೆದಿದ್ದರು. ಎರಡೂ ರೂಪ ಇರಲಿ. ಆದರೆ ಯಾವುದನ್ನು ತೋರಿಸಬೇಕು ಎಂದು ಆ್ಯಪ್‌ನವರು ತೀರ್ಮಾನಿಸುತ್ತಾರೆ. ಹಳೆಯ ಡಿಸ್ಕ್ ಇರುವವರು ತಾವೇ ತೀರ್ಮಾನಿಸುತ್ತಾರೆ.

ಸಿನಿಮಾ ಉಳಿಸಲು ಸರ್ಕಾರದ ಸಂಸ್ಥೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಶುರುವಾಯಿತು. ಪಿ.ಕೆ. ನಾಯರ್ ಅವರು ಊರೂರು ಸುತ್ತಿ ರೀಲುಗಳನ್ನು ತಂದು ಅದನ್ನು ಕಟ್ಟಿದರು. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಜೋಪಾನವಾಗಿ ಉಳಿದಿದ್ದರಿಂದಲೇ ಅದನ್ನು ದುರಸ್ತಿ ಮಾಡಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಸಾಧ್ಯವಾಯಿತು. ಆದರೆ 2003ರ ಜನವರಿಯಲ್ಲಿ ಅದೇ ಪುಣೆಯ ಒಂದು ಗೋದಾಮಿಗೆ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ರೀಲುಗಳು ಸುಟ್ಟುಹೋದವು. ಎಲ್ಲವನ್ನೂ ಒಂದೇ ಕಡೆ ಇಡುವುದು ಎಷ್ಟು ಅಪಾಯ ಎಂದು ವ್ಯಾಪಾರ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಡಿಸ್ಕ್ ಎಂದರೆ ಮೂಲ ರೀಲಿಗೆ ಸಮ ಅಲ್ಲ. ಆದರೆ ನೂರು ಮನೆಗಳಲ್ಲಿ ನೂರು ಡಿಸ್ಕ್ ಇದ್ದರೆ ಒಂದು ಬೆಂಕಿಗೆ ಎಲ್ಲವೂ ಹೋಗುವುದಿಲ್ಲ.

ಕಾನೂನಿನ ಮಾತೂ ಇದೆ. ನಮ್ಮ ದೇಶದಲ್ಲಿ ಸಿನಿಮಾದ ಕೃತಿಸ್ವಾಮ್ಯ, ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಅವಧಿ 2014ಕ್ಕೆ ಮುಗಿಯಿತು. ‘ಸತಿ ಸುಲೋಚನಾ’ದ ಅವಧಿ ಅದಕ್ಕಿಂತ ಬಹಳ ಮೊದಲೇ ಮುಗಿದಿದೆ. ಹಕ್ಕು ಈಗ ಎಲ್ಲರದ್ದು. ಪ್ರತಿಯೇ ಇಲ್ಲದಿದ್ದರೆ ಆ ಹಕ್ಕನ್ನು ಇಟ್ಟುಕೊಂಡು ಏನು ಮಾಡುವುದು?

ಇನ್ನು ಆಕ್ಷೇಪಗಳು. ಯೂಟ್ಯೂಬಿನಲ್ಲಿ ಹಳೆಯ ಕನ್ನಡ ಸಿನಿಮಾ ಪುಕ್ಕಟೆ ಸಿಗುತ್ತದಲ್ಲ ಎಂದು ಗೆಳೆಯರು ಹೇಳುತ್ತಾರೆ. ಸಿಗುತ್ತದೆ, ನಾನೂ ನೋಡುತ್ತೇನೆ. ಆದರೆ ಚಾನೆಲ್‌ನವರು ತೆಗೆದ ದಿನ ಅದೂ ಇಲ್ಲ. ಡಿಸ್ಕ್ ಕೂಡ ಹಾಳಾಗುತ್ತದೆ ಎನ್ನುವ ಮಾತು ಪೂರ್ತಿ ನಿಜ. ಅದಕ್ಕೇ ಅದನ್ನು ನೋಡಿಕೊಳ್ಳುವ ರೀತಿ ಕಲಿಯಬೇಕು. ಅಂಚು ಹಿಡಿದು ಎತ್ತಬೇಕು. ಒರೆಸುವಾಗ ಸುತ್ತಲೂ ತಿರುಗಿಸದೆ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ವಿಸಿಡಿಯ ಹೆಸರು ಬರೆದಿರುವ ಬದಿಯಲ್ಲಿ ಗೀರು ಬಿದ್ದರೆ ಹೆಚ್ಚು ನಷ್ಟ, ಏಕೆಂದರೆ ಮಾಹಿತಿಯ ಪದರ ಇರುವುದು ಅದರ ಕೆಳಗೇ. ಕಂಪನಿಯಲ್ಲಿ ಅಚ್ಚಾದ ಡಿಸ್ಕ್‌ಗಿಂತ ಮನೆಯ ಕಂಪ್ಯೂಟರಿನಲ್ಲಿ ಬರೆದ ಡಿಸ್ಕ್ ಬೇಗ ಕೆಡುತ್ತದೆ. ಬಿಸಿಲು, ತೇವ ಎರಡೂ ಆಗದು.

ನಮ್ಮ ಸಮುದಾಯದ ಹಿರಿಯರಲ್ಲಿ ಸಿನಿಮಾವೇ ಬೇಡ ಅನ್ನುವವರೂ ಇದ್ದಾರೆ. ನಮ್ಮ ಮನೆಯಲ್ಲೂ ಇದ್ದಾರೆ. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಸಿನಿಮಾ ಈಗಾಗಲೇ ನಮ್ಮೆಲ್ಲರ ಜೇಬಿನಲ್ಲಿದೆ. ಆ್ಯಪ್ ತೆರೆದರೆ ಒಂದು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ, ನಾವು ಕೇಳದೇ ಇದ್ದದ್ದೂ ಕಣ್ಣಿಗೆ ಬೀಳುತ್ತದೆ. ಡಿಸ್ಕ್ ಹಾಗಲ್ಲ. ಯೋಚಿಸಿ ಆರಿಸಿದ್ದು ಮಾತ್ರ ಮನೆಯೊಳಗೆ ಬರುತ್ತದೆ, ಮುಗಿದ ಮೇಲೆ ತೆರೆ ಖಾಲಿಯಾಗುತ್ತದೆ. ಏನು ನೋಡುತ್ತಿದ್ದಾರೆ ಎಂದು ಅಮ್ಮಿ-ಅಬ್ಬಾಗೂ ಗೊತ್ತಿರುತ್ತದೆ. ಇತ್ತೀಚೆಗೆ ನಮ್ಮ ಮನೆಯವರೆಲ್ಲ ಒಟ್ಟಿಗೆ ಕೂತು ನೋಡಿದ್ದು ‘ಗರ್ಮ್ ಹವಾ’. ದೇಶ ವಿಭಜನೆಯ ನಂತರ ಆಗ್ರಾದ ಒಂದು ಮುಸ್ಲಿಂ ಕುಟುಂಬ ಅನುಭವಿಸಿದ ಕಷ್ಟದ ಕಥೆ ಅದು. ಮಾತೆಲ್ಲ ಉರ್ದು, ನಿರ್ದೇಶಕರು ನಮ್ಮ ಮೈಸೂರಿನ ಎಂ.ಎಸ್. ಸತ್ಯು. ಚಿತ್ರ ಮುಗಿದ ಮೇಲೆ ಮನೆಯಲ್ಲಿ ನಡೆದ ಮಾತುಕತೆ ಚಿತ್ರಕ್ಕಿಂತ ಉದ್ದವಾಗಿತ್ತು.

ಕೊನೆಯದಾಗಿ, ಇದು ನಮಗೇ ಏಕೆ ಮುಖ್ಯ ಎಂದು ಹೇಳುತ್ತೇನೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಕಾಲೇಜಿನಲ್ಲಿ ಎಲ್ಲರೂ ಸಂಭ್ರಮಪಟ್ಟೆವು. ಅವರ ‘ಕರಿನಾಗರಗಳು’ ಕಥೆಯನ್ನು ಆಧರಿಸಿ ಕಾಸರವಳ್ಳಿ ಅವರು 2004ರಲ್ಲಿ ‘ಹಸೀನಾ’ ಎಂಬ ಚಿತ್ರ ಮಾಡಿದ್ದರು. ಗಂಡ ಬಿಟ್ಟುಹೋದ ಹೆಣ್ಣೊಬ್ಬಳು ಮಸೀದಿಯ ಜಮಾತಿನ ಮುಂದೆ ನ್ಯಾಯ ಕೇಳುವ ಕಥೆ. ಹಸೀನಾಳ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2008ರ ‘ಗುಲಾಬಿ ಟಾಕೀಸ್’ನಲ್ಲಿ ಉಮಾಶ್ರೀ ಅವರು ಕರಾವಳಿಯ ಒಬ್ಬ ಮುಸ್ಲಿಂ ಸೂಲಗಿತ್ತಿಯಾಗಿ ನಟಿಸಿದ್ದಾರೆ. ಸಿನಿಮಾ ಎಂದರೆ ಪ್ರಾಣ ಬಿಡುವ ಹೆಂಗಸು. ಅವಳ ಮನೆಗೆ ಟಿವಿ ಬಂದ ಮೇಲೆ ಊರಿನ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಉಮಾಶ್ರೀ ಅವರಿಗೂ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ‘ನಾಗರಹಾವು’ ಚಿತ್ರದಲ್ಲಿ ಅಂಬರೀಷ್ ಮಾಡಿದ ಜಲೀಲ ಎಲ್ಲರಿಗೂ ನೆನಪಿದ್ದಾನೆ. ಅವನು ಹುಡುಗಿಯನ್ನು ಚುಡಾಯಿಸುವ ಪೋಕರಿ. ಹಸೀನಾ, ಗುಲಾಬಿ ಎಷ್ಟು ಜನರಿಗೆ ಗೊತ್ತು? ನಮ್ಮನ್ನು ಮನುಷ್ಯರಾಗಿ, ನಮ್ಮ ಕಷ್ಟ-ಸುಖದ ಸಮೇತ ತೋರಿಸಿದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ನಮ್ಮ ಮನೆಯಲ್ಲಿರುವ ಎರಡು ಆ್ಯಪ್‌ಗಳಲ್ಲಿ ಹುಡುಕಿದೆ, ‘ಹಸೀನಾ’ ಸಿಗಲಿಲ್ಲ. ಇಂಥವನ್ನು ನಾವೇ ಇಟ್ಟುಕೊಳ್ಳದಿದ್ದರೆ ನಮಗಾಗಿ ಬೇರೆ ಯಾರೂ ಇಡುವುದಿಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಗ್ರಂಥಪಾಲಕರಲ್ಲಿ ನನ್ನ ವಿನಂತಿ ಇದು. ಗ್ರಂಥಾಲಯದಲ್ಲಿ ಒಂದು ಶೆಲ್ಫ್ ಕೊಡಿ. ಅಸಲಿ ಡಿಸ್ಕ್‌ಗಳನ್ನು ಮಾತ್ರ ತೆಗೆದುಕೊಂಡು, ಕೊಟ್ಟವರ ಹೆಸರಿನ ಸಮೇತ ರಿಜಿಸ್ಟರಿನಲ್ಲಿ ಬರೆಯೋಣ. ತಿಂಗಳಿಗೆ ಒಂದು ಶನಿವಾರ ತರಗತಿ ಮುಗಿದ ಮೇಲೆ ಒಂದು ಚಿತ್ರ ತೋರಿಸೋಣ. ಯಾವ ಚಿತ್ರ ಎಂದು ಇಬ್ಬರು ಉಪನ್ಯಾಸಕರು, ಇಬ್ಬರು ವಿದ್ಯಾರ್ಥಿಗಳು ಸೇರಿ, ಮೊದಲೇ ನೋಡಿ, ತೀರ್ಮಾನಿಸಲಿ. ಪ್ರೇಕ್ಷಕರು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ, ಶಿಕ್ಷಣ ಸಂಸ್ಥೆ ತನ್ನ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ. ಪ್ರೊಜೆಕ್ಟರ್ ನಮ್ಮಲ್ಲಿ ಇದ್ದೇ ಇದೆ. ನನ್ನ ಪ್ಲೇಯರ್ ತರುತ್ತೇನೆ, ಮೊದಲ ಹತ್ತು ಡಿಸ್ಕ್‌ಗಳನ್ನೂ ನಾನೇ ಕೊಡುತ್ತೇನೆ.

ಗೆಳೆಯ ಗೆಳತಿಯರೇ, ನಿಮ್ಮ ಮನೆಯ ಅಟ್ಟದಲ್ಲಿ, ಟಿವಿ ಕೆಳಗಿನ ಡ್ರಾಯರಿನಲ್ಲಿ ಸೀಡಿಗಳ ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. ಯಾರ ಮನೆಯಲ್ಲಾದರೂ ‘ಹಸೀನಾ’ ಸಿಕ್ಕರೆ ದಯವಿಟ್ಟು ನನಗೆ ತಿಳಿಸಿ. ನಮ್ಮ ಮೊದಲ ಶನಿವಾರದ ಚಿತ್ರ ಅದೇ ಆಗಲಿ ಎಂಬುದು ನನ್ನ ಆಸೆ.