‘ತರ್ಕ’ ಬೋರು ಪಿಚ್ಚರ್ ಅಲ್ಲ

ಹಾಡು, ಫೈಟು ಇಲ್ಲದಿದ್ದರೆ ಅದೇನು ಪಿಚ್ಚರ್ ಅಂತ ನಮ್ಮ ಕ್ಲಾಸಿನಲ್ಲಿ ಸುಮಾರು ಜನ ಹೇಳ್ತಾರೆ. ಅವರು 1989ರ ‘ತರ್ಕ’ ನೋಡಬೇಕು. ಸುನೀಲ್ ಕುಮಾರ್ ದೇಸಾಯಿಯವರು ನಿರ್ದೇಶಿಸಿದ ಮೊದಲನೇ ಚಿತ್ರ. ಒಂದು ಹಾಡೂ ಇಲ್ಲ, ಫಾರಿನ್ನೂ ಇಲ್ಲ. ಹೆಚ್ಚಿನ ಕಥೆ ಒಂದು ಮನೆಯೊಳಗೇ ನಡೆಯುತ್ತದೆ. ಆದರೂ ಎದ್ದು ನೀರು ಕುಡಿಯಲು ಮನಸ್ಸು ಬರಲ್ಲ.

ತಪ್ಪಿಸಿಕೊಂಡು ಬಂದು ಆ ಮನೆಗೆ ನುಗ್ಗುವವರು ಶಂಕರ್ ನಾಗ್. ಆದರೆ ನನಗೆ ಹೆದರಿಕೆಯಾದದ್ದು ದೇವರಾಜ್ ಅವರನ್ನು ನೋಡಿ. ಅವರದು ಹೆಂಡತಿ ಮೇಲೆ ಅನುಮಾನ ಪಡುವ ಗಂಡನ ಪಾತ್ರ. ದೆವ್ವವನ್ನು ನಾವ್ಯಾರೂ ಕಂಡಿಲ್ಲ, ಅನುಮಾನದ ಗಂಡ ಎಲ್ಲ ಊರಲ್ಲೂ ಇದ್ದಾನೆ. ‘ನಲ್ಲಿ ಹತ್ರ ಯಾರ ಜೊತೆ ಮಾತಾಡ್ತಿದ್ದೆ?’ ಅಂತ ಕೇಳಿ ಹೊಡೀತಾನೆ. ಜನ ‘ಗಂಡ ಹೆಂಡ್ತಿ ಜಗಳ, ನಮಗ್ಯಾಕೆ’ ಅಂತ ಬಾಗಿಲು ಹಾಕ್ಕೋತಾರೆ. ಈ ಪಿಚ್ಚರ್ ಬಾಗಿಲ ಒಳಗಡೆಯೇ ಕೂತು ತೋರಿಸುತ್ತದೆ.

ಇಂಥದ್ದು ಮಕ್ಕಳು ನೋಡಬಾರದು ಅಂತ ಮೇಷ್ಟ್ರು ಹೇಳಬಹುದು. ಚಿಕ್ಕ ಮಕ್ಕಳು ಬೇಡ, ಒಪ್ಪಿದೆ. ನಮ್ಮ ಅಪ್ಪಂದಿರು, ಮಾವಂದಿರಾದರೂ ನೋಡಲಿ.

ತಮಿಳಿನವರು 1990ರಲ್ಲೇ ಇದನ್ನು ‘ಪುರಿಯಾದ ಪುದಿರ್’ ಅಂತ ತೆಗೆದರು. ನಮ್ಮಲ್ಲಿ ಶಂಕರ್ ನಾಗ್ ಅಂದರೆ ‘ಆಟೋ ರಾಜ’ ಅಂತಾರೆ, ‘ತರ್ಕ’ ಅಂದರೆ ‘ಯಾವುದದು?’ ಅಂತಾರೆ!

ಕೊನೆಗೆ ಏನಾಗುತ್ತೆ ಅಂತ ನಾನು ಹೇಳಲ್ಲ, ಯಾರೂ ಬಂದು ಕೇಳಬೇಡಿ.

— 7ನೇ ತರಗತಿ