ಎರೆ ಮಣ್ಣಿಗೆ ಇನ್ನೊಂದು ಪರೀಕ್ಷೆ ಬೇಕು

ನಂಜನಗೂಡು, ತಿ. ನರಸೀಪುರದ ಎರೆ ಭೂಮಿಯವರಿಗೆ ಇದು ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಹೊಲ ಕೈ ತೂರುವಷ್ಟು ಬಿರಿಯುತ್ತೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತೆ. ತೊಂದರೆ ಬರೋದು ಅದೇ ಮಣ್ಣಿನ ಮೇಲೆ ಮನೆ, ಪಂಪ್‌ಹೌಸ್ ಕಟ್ಟಿದಾಗ. ಒಂದು ಮಗ್ಗುಲಿಗೆ ಕಬಿನಿ ನಾಲೆಯ ತೇವ, ಇನ್ನೊಂದು ಮಗ್ಗುಲು ಒಣ. ತೇವದ ಕಡೆ ಪಾಯ ಮೇಲೇಳುತ್ತೆ, ಗೋಡೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳುತ್ತೆ. ನಾವು ಮೇಸ್ತ್ರಿಯನ್ನು ಬೈಯುತ್ತೇವೆ, ಮೇಸ್ತ್ರಿ ಸಿಮೆಂಟನ್ನು ಬೈಯುತ್ತಾನೆ. ಮಣ್ಣನ್ನು ವಿಚಾರಿಸುವವರಿಲ್ಲ.

ವಿಚಾರಿಸಿದವರು ನಮ್ಮ ಪಕ್ಕದಲ್ಲೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಮತ್ತು ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನ ಕೆ. ಪ್ರಕಾಶ್ ಉಬ್ಬುವ ಮಣ್ಣನ್ನು ವಿಂಗಡಿಸುವ ಸುಲಭ ವಿಧಾನವನ್ನು 2000ರಲ್ಲಿ ಪ್ರಕಟಿಸಿದರು. ಪೂರ್ತಿ ಒಣಗಿಸಿ ಸಣ್ಣ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಜಾಡಿಗೆ ಹಾಕೋದು. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಚೆನ್ನಾಗಿ ಕಲಕಿ, ತಳ ಕೂರಲು ಬಿಟ್ಟು, ಮಣ್ಣು ಎಷ್ಟು ಜಾಗ ಹಿಡಿದಿದೆ ಅಂತ ನೋಡೋದು. ಉಬ್ಬುವ ಜೇಡಿ ನೀರು ಕುಡಿದು ಹಿಗ್ಗುತ್ತೆ, ಸೀಮೆಎಣ್ಣೆಯಲ್ಲಿ ಹಿಗ್ಗೋದಿಲ್ಲ. ನೀರಿನ ಜಾಡಿಯ ಅಳತೆಯನ್ನು ಸೀಮೆಎಣ್ಣೆ ಜಾಡಿಯ ಅಳತೆಯಿಂದ ಭಾಗಿಸಬೇಕು. ಉತ್ತರ 1.5ರೊಳಗಿದ್ದರೆ ಉಬ್ಬು ಕಡಿಮೆ, 2ರವರೆಗೆ ಮಧ್ಯಮ, 2 ದಾಟಿದರೆ ಜಾಸ್ತಿ, 4 ದಾಟಿದರೆ ವಿಪರೀತ.

ಗುಣ ತಿಳಿದರೆ ದಾರಿಯೂ ಇದೆ. ಎರೆ ಪದರ ತೆಳುವಾಗಿದ್ದರೆ ಅದನ್ನು ತೆಗೆದು ಕೆಳಗಿನ ಗಟ್ಟಿ ನೆಲದ ಮೇಲೆ ಪಾಯ ಹಾಕಬಹುದು. ಆಳವಾಗಿದ್ದರೆ, ಬುಡದಲ್ಲಿ ಗೆಡ್ಡೆಯಂತೆ ದಪ್ಪಗಿರುವ ಕಾಂಕ್ರೀಟ್ ಕಂಬ ಇಳಿಸುವ ಪದ್ಧತಿಯಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದನ್ನು ದಶಕಗಳ ಹಿಂದೆಯೇ ರೂಢಿಗೆ ತಂದಿದೆ. ಬಚ್ಚಲ ನೀರು, ಸೂರಿನ ನೀರು ಪಾಯದ ಬುಡಕ್ಕೆ ಇಳಿಯದಂತೆ ನೋಡಿಕೊಳ್ಳೋದಕ್ಕಂತೂ ದೊಡ್ಡ ಖರ್ಚಿಲ್ಲ.

ಈಗ ನನ್ನ ತಕರಾರು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿದೆ ಅಂತ ಹೇಳುತ್ತೆ. ಗೊಬ್ಬರ ಹಾಕೋಕೆ ಅದು ಬೇಕು, ಸರಿ. ಆದರೆ ಬೆಳೆ ಕೈಕೊಟ್ಟರೆ ಹೋಗೋದು ಒಂದು ವರ್ಷ, ಮನೆ ಸೀಳಿದರೆ ಹೋಗೋದು ಜೀವಮಾನದ ದುಡಿಮೆ. ಮಣ್ಣು ಪರೀಕ್ಷಾ ಕೇಂದ್ರದಲ್ಲೇ ಈ ಎರಡು ಜಾಡಿಗಳನ್ನೂ ಇಡಬಾರದೇಕೆ? ಸರ್ಕಾರದ ನೆರವಿನ ಮನೆಗಳಿಗೆ ಪಾಯ ತೋಡುವ ಮೊದಲು ಈ ಪರೀಕ್ಷೆ ಕಡ್ಡಾಯವಾಗಲಿ.

ಊರೂರಿಗೆ ಎಂಜಿನಿಯರು ಎಲ್ಲಿಂದ ತರೋಣ ಅಂತ ಕೇಳಬಹುದು. ದೊಡ್ಡ ಕಟ್ಟಡಕ್ಕೆ ಎಂಜಿನಿಯರು ಬೇಕೇ ಬೇಕು. ಆದರೆ ಈ ಮೊದಲ ಪರೀಕ್ಷೆಯನ್ನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರೂ ಮಾಡಿಸಬಲ್ಲರು. ಕಾಲೇಜಿನವರು ಮಾಡಿದ ಕೆಲಸ ಪುಸ್ತಕದಲ್ಲಿದೆ. ಅದನ್ನು ಹಳ್ಳಿಗೆ ತನ್ನಿ ಅಂತ ಗ್ರಾಮಸಭೆಯಲ್ಲಿ ನಾವೇ ಕೇಳಬೇಕು.