ಖೋ-ಖೋ ಬಯಲಿನಲ್ಲಿ ಒಂದು ನಿಮಿಷ

ಕಾರ್ಯವನ್ನು ಆದ್ಯಂತ ಒಂದೇ ಯೋಜನೆಗೆ ಬಿಗಿಯದೆ, ಅಲ್ಪಾವಧಿಯ ಸುತ್ತುಗಳಲ್ಲಿ ನಡೆಸಿ, ಪ್ರತಿ ಸುತ್ತಿನ ಕಡೆಯಲ್ಲಿಯೂ ತಂಡದವರೆಲ್ಲ ಕೂಡಿ ಕುಳಿತು ತಮ್ಮ ರೀತಿಯನ್ನು ತಾವೇ ತಿದ್ದಿಕೊಳ್ಳುವ ‘ಅಜೈಲ್’ ಪದ್ಧತಿಗೆ, 2001ರ ಫೆಬ್ರವರಿಯಲ್ಲಿ ಅಮೆರಿಕದ ಸ್ನೋಬರ್ಡ್ ಎಂಬಲ್ಲಿ ನೆರೆದ 17 ಮಂದಿ ಸಾಫ್ಟ್‌ವೇರ್ ತಜ್ಞರು ಘೋಷಣಾಪತ್ರದ ರೂಪವನ್ನಿತ್ತರು. ಉಪನ್ಯಾಸಮಾತ್ರದಿಂದ ಇದು ಮೈಗೂಡದೆಂಬುದನ್ನರಿತ ತರಬೇತುದಾರರು ಆಟಗಳ ಮೊರೆಹೊಕ್ಕರು. ಅಂಥದೊಂದು ಆಟದಲ್ಲಿ ಚೆಂಡು ಪ್ರತಿಯೊಬ್ಬರ ಕೈಯನ್ನೂ ಮುಟ್ಟಬೇಕು, ಪಕ್ಕದವನಿಗೆ ಕೊಡಲಾಗದು, ಎರಡು ನಿಮಿಷ ಆಡಿ ಒಂದು ನಿಮಿಷ ವಿಚಾರಮಾಡಿ ಮತ್ತೆ ಆಡಬೇಕು; ಹೀಗೆ ನಾಲ್ಕೈದು ಸುತ್ತು ಕಳೆಯುವಷ್ಟರಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ತಂಡವು ತನ್ನ ಕ್ರಮವನ್ನು ತಾನೇ ಕಂಡುಕೊಳ್ಳುತ್ತದೆ.

ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತು, ಸೊಲ್ಲಾಪುರದಲ್ಲಿ ಇಂಜಿನಿಯರಿಂಗ್ ಓದಿ, ಪುಣೆ-ಬೆಂಗಳೂರುಗಳ ಕಂಪನಿಗಳನ್ನು ಸೇರುವ ತರುಣರಿಗೆ ಈ ವಿದ್ಯೆಯು ನೌಕರಿಯ ಮೊದಲ ವಾರದಲ್ಲಿ ದೊರೆಯುವುದಕ್ಕಿಂತ, ಬಾಲ್ಯದಲ್ಲಿಯೇ ಜಿಲ್ಲಾ ಪರಿಷತ್ತಿನ ಶಾಲೆಯ ಬಯಲಿನಲ್ಲಿ ದೊರೆಯತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಬೇಕಾದ ಆಟ ಆ ನೆಲದಲ್ಲಿಯೇ ಇದೆ. ಖೋ-ಖೋದಲ್ಲಿ ಎಂಟು ಮಂದಿ ಒಬ್ಬರು ಆ ಕಡೆಗೆ, ಮತ್ತೊಬ್ಬರು ಈ ಕಡೆಗೆ ಮುಖಮಾಡಿ ಕುಳಿತಿರಲು, ಬೆನ್ನಟ್ಟುವ ಒಂಬತ್ತನೆಯವನು ನಡುಗೆರೆಯನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ನಡುವೆ ಬದಲಿಸುವಂತಿಲ್ಲ. ಆದಕಾರಣ ಅವನು ಎಂಥ ವೇಗಶಾಲಿಯಾಗಿದ್ದರೂ, ತಕ್ಕ ಕ್ಷಣದಲ್ಲಿ ತಕ್ಕ ಸಂಗಾತಿಗೆ ಖೋ ಕೊಟ್ಟು, ಓಡುವ ಅಧಿಕಾರವನ್ನು ಬಿಟ್ಟು ಅವನ ಸ್ಥಾನದಲ್ಲಿ ಕುಳಿತಲ್ಲದೆ ತಂಡಕ್ಕೆ ಜಯವಿಲ್ಲ. ತಾನು ನಿಲ್ಲಬೇಕಾದ ಗಳಿಗೆಯನ್ನು ಅರಿಯುವ ಈ ವಿವೇಕ, ನಾನು ಬಲ್ಲಂತೆ, ದೊಡ್ಡ ದೊಡ್ಡ ಕಚೇರಿಗಳಲ್ಲಿಯೂ ದುರ್ಲಭ.

ಆದರೆ ಆಟವೊಂದೇ ಸಾಲದು. ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಗುರುಗಳು ಗೆರೆಯಾಚೆ ನಿಂತು ಕೂಗಿ ಆಡಿಸುತ್ತಾರೆ. ಸೀಟಿ ಊದಿದೊಡನೆ ಮಕ್ಕಳು ಚದುರುತ್ತಾರೆ. ಖೋ ಏಕೆ ತಡವಾಯಿತು, ಮೂಲೆಯಲ್ಲಿ ಕುಳಿತವಳಿಗೆ ಸರದಿಯೇ ಏಕೆ ಬರಲಿಲ್ಲ ಎಂಬ ವಿಚಾರಕ್ಕೆ ಅವಕಾಶವೇ ಇಲ್ಲ. ಆ ವಿಚಾರವಾದರೂ ಮಗುವಿನ ಮನೆಮಾತಿನಲ್ಲಿಯೇ ನಡೆಯಬೇಕು. ಪರಭಾಷೆಯಲ್ಲಿ ಗುರುವಿಗೆ ಉತ್ತರ ಹೇಳಬಲ್ಲ ಮಗುವೂ ಗೆಳೆಯನ ತಪ್ಪನ್ನು ನೋಯಿಸದೆ ಹೇಳಲಾರದು. ಇದೇ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯಲ್ಲಿ ಮಕ್ಕಳ ಮಾತಾದ ಕನ್ನಡವನ್ನು ಕಲಿತು ಪಠ್ಯಗಳನ್ನು ಅದಕ್ಕೆ ತಂದರೆಂಬುದನ್ನೂ ಗಣಿಸಿ, 2020ರಲ್ಲಿ ರಣಜಿತ್‌ಸಿಂಹ ಡಿಸಳೆಯವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿಯನ್ನು ಕೊಟ್ಟರು.

ಪರೀಕ್ಷೆಯ ಭಾರದ ನಡುವೆ ಈ ವಿಚಾರಕ್ಕೆಲ್ಲಿ ಸಮಯವೆಂದು ಕೇಳುವವರುಂಟು. ಬೇಕಾಗಿರುವುದು ಪ್ರತಿ ಸರದಿಯ ಅನಂತರ ಒಂದು ನಿಮಿಷ. ಆಗ ಗುರು ಮೌನವಾಗಿರಲಿ. ಮುಂದಿನ ಸರದಿಯಲ್ಲಿ ಏನನ್ನು ಬದಲಿಸಬೇಕೆಂಬುದನ್ನು ಮಕ್ಕಳೇ ನಿಶ್ಚಯಿಸಲಿ. ಆ ನಿಶ್ಚಯ ತಪ್ಪೆಂದು ಗುರುವಿಗೆ ತೋರಿದರೂ ಒಂದು ಸರದಿಯ ಮಟ್ಟಿಗಾದರೂ ಅದನ್ನು ನಡೆಯಗೊಡಲಿ.